ಹಳೇ 'ಮಿಷನ್: ಇಂಪಾಸಿಬಲ್' ಮೊದಲ ಸೀಸನ್: ನೋಡಬೇಕಾ, ಹಾರಿಸಬೇಕಾ?

ಹಳೇಟೇಪು
ಎಲ್ಲರಿಗೂ ನಮಸ್ಕಾರ. ಒಂದು ಜಗಳ ತಂದಿದ್ದೇನೆ, ಬಿಡಿಸಿಕೊಡಿ.

ಅಕ್ಕನ ಮಗನಿಗೆ ಹಳೇ 'ಮಿಷನ್: ಇಂಪಾಸಿಬಲ್' ಅನ್ನೋ ಅಮೆರಿಕದ ಗೂಢಚಾರರ ಧಾರಾವಾಹಿ ತೋರಿಸೋಣ ಅಂತ ಕೂತೆ. ಅವನು ಟಾಮ್ ಕ್ರೂಸ್ ಸಿನಿಮಾಗಳನ್ನೆಲ್ಲ ಅರೆದು ಕುಡಿದಿದ್ದಾನೆ. ನಾನು 1966ರ ಮೊದಲ ಸೀಸನ್ ಹಾಕಿದೆ. ಅಲ್ಲಿ ಡ್ಯಾನ್ ಬ್ರಿಗ್ಸ್ ಅನ್ನೋ ನಾಯಕ. ಎರಡನೇ ಸೀಸನ್‌ನಿಂದ ನಾಯಕನಾಗೋ ಜಿಮ್ ಫೆಲ್ಪ್ಸ್ ಪತ್ತೆಯೇ ಇಲ್ಲ. ಹುಡುಗ ಗೊಂದಲಕ್ಕೆ ಬಿದ್ದ. ನನ್ನ ಗೆಳೆಯನೊಬ್ಬ, "ಮೊದಲ ಸೀಸನ್ ಬಿಡು ಮಾರಾಯ, ಅದು ಬರೀ ತಾಲೀಮು. ಎರಡರಿಂದ ಶುರು ಮಾಡು" ಅಂತಾನೆ. ನನಗೋ ಮೊದಲ ಸೀಸನ್ನೇ ಜಾಸ್ತಿ ಇಷ್ಟ. ಆ 28 ಕಂತುಗಳಲ್ಲಿ ಒಂದು ಥರಾ ಅಪಾಯದ ವಾಸನೆ ಇದೆ. ಆಮೇಲೆ ಅದು ಸಿಗಲಿಲ್ಲ.

ನೀವೇನಂತೀರಿ? ಹೊಸಬರಿಗೆ ಎಲ್ಲಿಂದ ತೋರಿಸಬೇಕು?

ರಬ್ಬರ್‌ಮುಖ
ಎರಡನೇ ಸೀಸನ್. ಚರ್ಚೆ ಮುಗೀತು.

ಬಾರ್ನಿಭಕ್ತ
ಮುಗೀಲಿಲ್ಲ ಸ್ವಾಮಿ, ಈಗ ಶುರು. ಮೊಟ್ಟಮೊದಲ ಕಂತನ್ನೇ ತಗೊಳ್ಳಿ. ಸಾಂಟಾ ಕೋಸ್ಟಾ ಅನ್ನೋ ಕಾಲ್ಪನಿಕ ದೇಶ. ಹೋಟೆಲಿನ ತಿಜೋರಿ ಕೋಣೆಯಲ್ಲಿ ಎರಡು ಅಣುಬಾಂಬಿನ ಸಿಡಿತಲೆಗಳು. ಒಳಗೆ ಹೋಗೋದು ಹೇಗೆ? ಬೀಗ ತೆಗೆಯೋ ನಿಪುಣನನ್ನ ಸೂಟ್‌ಕೇಸಿನೊಳಗೆ ಮಡಚಿ ಕೂರಿಸ್ತಾರೆ. ತಂಡದ ಬಲಶಾಲಿ ವಿಲ್ಲಿ ಆ ಪೆಟ್ಟಿಗೆಯನ್ನ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಟೆಲಿನೊಳಗೆ ನಡೀತಾನೆ. ಮುಖದಲ್ಲಿ ಏನೂ ಇಲ್ಲ. ಕತ್ತಿನ ನರ ಮಾತ್ರ ಬಿಗೀತಾ ಇರುತ್ತೆ. ಒಳಗೊಬ್ಬ ಪೂರ್ತಿ ಮನುಷ್ಯ ಇದ್ದಾನೆ ಅಂತ ನಮಗೆ ಗೊತ್ತು, ಎದುರಿಗಿರೋ ಕಾವಲುಗಾರನಿಗೆ ಗೊತ್ತಿಲ್ಲ. ನಾನು ಉಸಿರು ಬಿಟ್ಟಿದ್ದು ಅವನು ಅದನ್ನ ಕೆಳಗಿಟ್ಟಾಗಲೇ.

ಇಷ್ಟಾದ ಮೇಲೆ ಆ ನಿಪುಣನ ಬೆರಳು ಮುರಿಯುತ್ತೆ. ಇಡೀ ಯೋಜನೆ ನಿಂತಿದ್ದೇ ಆ ಬೆರಳುಗಳ ಮೇಲೆ! ಕೊನೆಗೆ ಬ್ರಿಗ್ಸ್ ತಾನೇ ಆ ಕೆಲಸಕ್ಕೆ ಇಳೀಬೇಕಾಗುತ್ತೆ. ಫೆಲ್ಪ್ಸ್ ಕಾಲದಲ್ಲಿ ಈ ಥರ ಎಡವಟ್ಟು ಎಷ್ಟು ಸಲ ನೋಡಿದ್ದೀರಿ ಹೇಳಿ?

ಕಪ್ಪುಬಿಳುಪು
ಆ ನಿಪುಣನ ಪಾತ್ರ ಮಾಡಿದ್ದು ವಾಲಿ ಕಾಕ್ಸ್. ಅದೇ ಕಂತಿನಲ್ಲಿ ಮಾರ್ಟಿನ್ ಲ್ಯಾಂಡೌ ಎರಡು ಪಾತ್ರ ಮಾಡಿದ್ದಾರೆ. ಆ ದೇಶದ ಜನರಲ್ ಡೊಮಿಂಗೆಜ್ ಕೂಡ ಅವರೇ, ಅವನ ವೇಷ ಹಾಕೋ ನಮ್ಮ ತಂಡದ ವೇಷಗಾರ ರೋಲಿನ್ ಹ್ಯಾಂಡ್ ಕೂಡ ಅವರೇ. ಇದನ್ನ ಹೇಳದೆ ಹೋದರೆ ಕಂತಿಗೆ ಅನ್ಯಾಯ.

ಐದುಸೆಕೆಂಡು
ಮತ್ತೆ ಬ್ರಿಗ್ಸ್‌ಗೆ ಕೆಲಸ ಒಪ್ಪಿಸೋ ಗುಟ್ಟಿನ ಸಂದೇಶ ಬಂದಿದ್ದು ಟೇಪಿನಲ್ಲಲ್ಲ, ಗ್ರಾಮೊಫೋನ್ ತಟ್ಟೆಯಲ್ಲಿ! ಮರೀಬೇಡಿ.

ಹಳೇಟೇಪು
ಹೌದಲ್ವಾ! ಮೊಹರು ಒಡೆದ ಒಂದು ನಿಮಿಷಕ್ಕೆ ತಟ್ಟೆ ಹಾಳಾಗುತ್ತೆ ಅಂತ ಹೇಳ್ತಾರೆ. ಹೊಗೆ ಬರೋ ಟೇಪು ಎಲ್ಲಾ ಕಂತಲ್ಲೂ ಇತ್ತು ಅಂತ ಜನ ಅಂದ್ಕೊಂಡಿದ್ದಾರೆ. ಮೊದಲ ಸೀಸನ್‌ನಲ್ಲಿ ಎಷ್ಟೋ ಸಲ "ಎಂದಿನಂತೆ ನಾಶಮಾಡಿ" ಅಂತಷ್ಟೇ ಹೇಳಿ ಬಿಟ್ಟುಬಿಡ್ತಾರೆ. ಬ್ರಿಗ್ಸ್ ಅದನ್ನ ತನ್ನ ಕೈಯಾರೆ ಸುಡಬೇಕು. ನನಗೆ ಅದೇ ಹೆಚ್ಚು ನಂಬಿಕೆ ಬರೋ ಹಾಗಿದೆ. ತಾನೇ ಸುಟ್ಟುಕೊಳ್ಳೋ ಟೇಪು ಚೆಂದವೇ, ಆದರೆ ಅದು ಸ್ವಲ್ಪ ಗಾರುಡಿ.

ರಬ್ಬರ್‌ಮುಖ
ಗಾರುಡಿ ಅನ್ನೋದೇ ಈ ಧಾರಾವಾಹಿಯ ಜೀವ! ಹೊಗೆ ಬರೋ ಟೇಪು ಇಲ್ಲದೆ ಹೋಗಿದ್ದರೆ ಇವತ್ತು ನಾವ್ಯಾರೂ ಇದರ ಬಗ್ಗೆ ಮಾತಾಡ್ತಾ ಇರಲಿಲ್ಲ.

ನನ್ನ ವಾದ ಸರಳ. ಸ್ಟೀವನ್ ಹಿಲ್ ಒಳ್ಳೆ ನಟ, ಒಪ್ಪಿದೆ. ಆದರೆ ಅವರ ಬ್ರಿಗ್ಸ್ ಯಾವಾಗಲೂ ಸಾಲದ ಕಂತು ಕಟ್ಟೋಕೆ ಹೊರಟವನ ಥರಾ ಮುಖ ಮಾಡಿಕೊಂಡಿರ್ತಾರೆ. ಪೀಟರ್ ಗ್ರೇವ್ಸ್ ಫೆಲ್ಪ್ಸ್ ಆಗಿ ಬಂದ ಮೇಲೆ ನೋಡಿ. ನಿಂತ ನಿಲುವಿನಲ್ಲೇ "ಇದು ಆಗುತ್ತೆ" ಅನ್ನೋ ಧೈರ್ಯ. ತಂಡಕ್ಕೆ ನಾಯಕ ಸಿಕ್ಕಿದ್ದು ಆಗ.

ದಾಲ್ಚಿನ್ನಿ
ರಬ್ಬರ್‌ಮುಖ ಅವರೇ, ಆ ಮುಖವೇ ನನಗೆ ಇಷ್ಟ. ಪರದೇಶಕ್ಕೆ ಹೋಗಿ ಸಿಕ್ಕಿಬಿದ್ದರೆ ಸರ್ಕಾರ "ಇವರು ಯಾರೋ ನಮಗೆ ಗೊತ್ತಿಲ್ಲ" ಅನ್ನುತ್ತೆ. ಅಂಥಾ ಕೆಲಸಕ್ಕೆ ಹೊರಟವನ ಮುಖ ಹೇಗಿರಬೇಕು? ಮದುವೆಗೆ ಹೊರಟ ಹಾಗಾ? ಫೆಲ್ಪ್ಸ್ ಸೋಲ್ತಾರೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಬ್ರಿಗ್ಸ್ ಸೋಲಬಹುದು ಅಂತ ಪ್ರತಿ ಕಂತಲ್ಲೂ ಅನ್ನಿಸುತ್ತೆ.

ಸುಮ್ನೆಓದುಗ
ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಬ್ರಿಗ್ಸ್ ಯಾಕೆ ಹೋದ? ಕಥೆಯಲ್ಲಿ ಸತ್ತನಾ?

ಐದುಸೆಕೆಂಡು
ಕಥೆಯಲ್ಲಿ ಒಂದು ಮಾತೂ ಇಲ್ಲ. 1967ರ ಸೆಪ್ಟೆಂಬರಿನಲ್ಲಿ ಟೇಪು "ಗುಡ್ ಮಾರ್ನಿಂಗ್, ಮಿಸ್ಟರ್ ಫೆಲ್ಪ್ಸ್" ಅಂತು. ಅಷ್ಟೇ.

ಕಪ್ಪುಬಿಳುಪು
ಕಥೆಯ ಹೊರಗೆ ಕಾರಣ ಇದೆ. ಸ್ಟೀವನ್ ಹಿಲ್ ಸಂಪ್ರದಾಯಸ್ಥ ಯಹೂದಿ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಕೆಲಸ ನಿಲ್ಲಿಸಿ ಹೊರಡಬೇಕು. ಅವರ ಸಬ್ಬತ್, ಅಂದರೆ ಕೆಲಸ ಮಾಡಬಾರದ ವಾರದ ಪವಿತ್ರ ದಿನ, ಆಗ ಶುರು. ಇದನ್ನ ಅವರು ಮೊದಲೇ ಹೇಳಿಯೇ ಒಪ್ಪಿಕೊಂಡಿದ್ದರು. ಆದರೆ ಈ ಧಾರಾವಾಹಿಯ ಚಿತ್ರೀಕರಣ ಸಮಯಕ್ಕೆ ಸರಿಯಾಗಿ ಮುಗೀತಿರಲಿಲ್ಲ. ಶುಕ್ರವಾರ ರಾತ್ರಿವರೆಗೂ ಎಳೀತಿತ್ತು. ಹಾಗಾಗಿ ನಾಯಕನಿಲ್ಲದೆ ದೃಶ್ಯಗಳನ್ನ ತೆಗೆಯೋದು ಅನಿವಾರ್ಯ ಆಯ್ತು. ಸೀಸನ್ ಮುಂದೆ ಹೋದ ಹಾಗೆ ಬ್ರಿಗ್ಸ್ ಪಾತ್ರ ಸಣ್ಣದಾಗ್ತಾ ಬಂತು. ಕೆಲವು ಕಂತುಗಳಲ್ಲಿ ಯೋಜನೆ ವಿವರಿಸಿ ಮಾಯ ಆಗಿಬಿಡ್ತಾರೆ.

'ಆ್ಯಕ್ಷನ್!' ಅನ್ನೋ ಕಂತಿನ ಹೊತ್ತಿಗೆ ವಿಷಯ ಬಿಗಡಾಯಿಸಿತು. ಸೆಟ್ಟಿನ ಮೆಟ್ಟಿಲು ಹತ್ತಿ ಮೇಲಿನ ತೊಲೆಗಳ ಹತ್ತಿರ ಹೋಗೋ ದೃಶ್ಯ ಮಾಡಲ್ಲ ಅಂದರು. ಅವರನ್ನ ಅಮಾನತು ಮಾಡಿದರು. ಆ ಕಂತಿನಲ್ಲಿ ಸಂದೇಶ ಪಡೆದು ತಂಡ ಆರಿಸೋದು ಸಿನಮನ್ ಕಾರ್ಟರ್, ಅಂದರೆ ಬಾರ್ಬರಾ ಬೇನ್.

ಹಳೇಟೇಪು
ಆ ಶುಕ್ರವಾರದ ತೊಂದರೆಯೇ ಮೊದಲ ಸೀಸನ್‌ಗೆ ಒಳ್ಳೇದು ಮಾಡಿತು ಅಂತ ನನ್ನ ಅನಿಸಿಕೆ. ನಾಯಕ ಇಲ್ಲ ಅಂದಾಗ ಉಳಿದವರಿಗೆ ಜಾಗ ಸಿಗುತ್ತೆ. 'ಎ ಸ್ಪೂಲ್ ದೇರ್ ವಾಸ್' ನೋಡಿ. ಇಡೀ ಕಂತು ರೋಲಿನ್ ಮತ್ತು ಸಿನಮನ್ ಇಬ್ಬರದೇ. ಎಲ್ಲರೂ ಸೇರಿ ಯಂತ್ರದ ಥರ ಕೆಲಸ ಮಾಡೋದು ಆಮೇಲೆ ಬಂತು.

ದಾಲ್ಚಿನ್ನಿ
ಸಿನಮನ್ ತಂಡ ಆರಿಸೋದನ್ನ ಒಂದೇ ಸಲ ತೋರಿಸಿ ಬಿಟ್ಟರಲ್ಲ, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. 1967, 68, 69, ಸಾಲಾಗಿ ಮೂರು ವರ್ಷ ಎಮ್ಮಿ ಪ್ರಶಸ್ತಿ ಗೆದ್ದವರು ಬಾರ್ಬರಾ ಬೇನ್. ಅವರನ್ನೇ ನಾಯಕಿ ಮಾಡಬಹುದಿತ್ತು. ಹೊಸ ನಾಯಕನನ್ನ ಹೊರಗಿಂದ ಯಾಕೆ ತರಬೇಕಿತ್ತು?

ರಬ್ಬರ್‌ಮುಖ
1967ರಲ್ಲಿ ಅಮೆರಿಕದ ಟಿವಿಯಲ್ಲಿ ಹೆಂಗಸು ಗೂಢಚಾರರ ತಂಡದ ಮುಖ್ಯಸ್ಥೆ? ಯಾವ ಚಾನೆಲ್ ಒಪ್ಪುತ್ತಿತ್ತು ಮೇಡಂ?

ದಾಲ್ಚಿನ್ನಿ
ಸ್ಟುಡಿಯೋ ಮುಖ್ಯಸ್ಥೆಯೇ ಹೆಂಗಸು ಸ್ವಾಮಿ! ಡೆಸಿಲು ಆಗ ಲೂಸಿಲ್ ಬಾಲ್ ಕೈಯಲ್ಲಿತ್ತು. 'ಸ್ಟಾರ್ ಟ್ರೆಕ್', 'ಮಿಷನ್: ಇಂಪಾಸಿಬಲ್' ಎರಡೂ ದುಬಾರಿ. ಎರಡಕ್ಕೂ ಹಣ ಹಾಕಿದ್ದು ಅವರ ಸಂಸ್ಥೆ. ಎರಡೂ ಶುರುವಾಗಿದ್ದು 1966ರ ಸೆಪ್ಟೆಂಬರ್ ತಿಂಗಳಲ್ಲೇ.

ಬಾರ್ನಿಭಕ್ತ
ಎರಡೂ ಒಂದೇ ಸ್ಟುಡಿಯೋ ಆಗಿದ್ದಕ್ಕೇ ನಟರು ಅಲ್ಲಿಂದಿಲ್ಲಿಗೆ ಓಡಾಡ್ತಿದ್ದರು ಅನ್ಸುತ್ತೆ. 'ದಿ ಕ್ಯಾರಿಯರ್ಸ್' ಕಂತಿನಲ್ಲಿ ಜಾರ್ಜ್ ಟಕೇ ಇದ್ದಾರೆ. ಶತ್ರು ದೇಶದೊಳಗೆ ಅಮೆರಿಕದ ಊರಿನದೇ ನಕಲು ಕಟ್ಟಿ, ಗೂಢಚಾರರಿಗೆ ಅಮೆರಿಕನ್ನರ ಹಾಗೆ ಬದುಕೋದನ್ನ ಕಲಿಸೋ ಕಂತು. ಅವರಿಗೇ ಗೊತ್ತಿಲ್ಲದ ಹಾಗೆ ರೋಗ ಹರಡೋಕೆ ಅವರನ್ನ ಕಳಿಸೋ ಹುನ್ನಾರ. ನಮ್ಮ ತಂಡ ಆ ನಕಲಿ ಊರಿನೊಳಗೆ ನುಗ್ಗುತ್ತೆ. ಅಮೆರಿಕನ್ನರು, ಅಮೆರಿಕನ್ನರ ಹಾಗೆ ನಟಿಸೋದನ್ನ ಕಲಿಯೋ ವಿದೇಶಿಯರ ಹಾಗೆ ನಟಿಸಬೇಕು! ತಲೆ ಗಿರ್ರ್ ಅನ್ನುತ್ತೆ.

ಸುಮ್ನೆಓದುಗ
'ಸ್ಟಾರ್ ಟ್ರೆಕ್'ನ ಸುಲು ಅಲ್ವಾ ಅದು!! ಇವತ್ತೇ ಹುಡುಕ್ತೀನಿ.

ಐದುಸೆಕೆಂಡು
ಅದೇ 'ಸ್ಟಾರ್ ಟ್ರೆಕ್'ನ ಸ್ಪಾಕ್ ಕೂಡ ಬಂದ. 1969ರಲ್ಲಿ ಲ್ಯಾಂಡೌ ಹೋದ ಮೇಲೆ ಲಿಯೊನಾರ್ಡ್ ನಿಮೋಯ್, ಪ್ಯಾರಿಸ್ ಅನ್ನೋ ಪಾತ್ರ. ಎರಡು ಸೀಸನ್.

ಬೆಂಕಿಕಡ್ಡಿ
ತಡವಾಗಿ ಬಂದೆ. ಇದೊಂದು ಆ್ಯಕ್ಷನ್ ಧಾರಾವಾಹಿ ಅಂತ ಯಾರು ಹೇಳಿದ್ದು? ಹೊಡೆದಾಟ ಎಲ್ಲಿದೆ? ಗುಂಡು ಹಾರೋದು ಅಪರೂಪ. ಇಡೀ ಕಂತು ತಂಡದ ಇಂಜಿನಿಯರ್ ಬಾರ್ನಿ ಗಾಳಿಕೊಳವೆಯೊಳಗೆ ತೆವಳ್ತಾನೆ, ಸ್ಕ್ರೂ ಬಿಚ್ತಾನೆ, ತಂತಿ ಜೋಡಿಸ್ತಾನೆ. ನಾನು ಎರಡು ಕಂತು ನೋಡಿ ಬಿಟ್ಟೆ.

ಬಾರ್ನಿಭಕ್ತ
ನನ್ನ ಹೆಸರು ನೋಡಿದ ಮೇಲೂ ಈ ಮಾತು ಹೇಳಿದಿರಲ್ಲ, ಧೈರ್ಯ ಮೆಚ್ಚಿದೆ.

ಆ ತೆವಳೋದೇ ಆ್ಯಕ್ಷನ್ ಗುರು. ಬಾರ್ನಿ ಪಾತ್ರದ ಗ್ರೆಗ್ ಮಾರಿಸ್ ಮುಖದ ಮೇಲೆ ಬೆವರಿನ ಹನಿ. ಕೈಯಲ್ಲೊಂದು ಸಣ್ಣ ಇಕ್ಕಳ. ಗೋಡೆಯ ಆ ಕಡೆ ಕಾವಲುಗಾರನ ಬೂಟಿನ ಸದ್ದು. ಬಾರ್ನಿ ಕೈ ನಿಲ್ಲುತ್ತೆ. ಸದ್ದು ದೂರ ಹೋಗುತ್ತೆ. ಕೈ ಮತ್ತೆ ಶುರು. ನಿಮಿಷಗಟ್ಟಲೆ ಒಂದು ಮಾತಿಲ್ಲ. ಹಿಂದೆ ಸಂಗೀತ ಮಾತ್ರ. ಈಗಿನವರು ಅದೇ ಜಾಗದಲ್ಲಿ ನಾಲ್ಕು ಜೋಕು, ಎರಡು ಸ್ಫೋಟ ಹಾಕ್ತಾರೆ.

ಇನ್ನೊಂದು ಮಾತು. ಆ ಕಾಲದಲ್ಲಿ ಕಪ್ಪು ನಟನೊಬ್ಬ ತಂಡದ ಇಂಜಿನಿಯರ್. ಎಲ್ಲರ ಪ್ರಾಣ ಅವನ ಬುದ್ಧಿ ಮೇಲೆ ನಿಂತಿರುತ್ತೆ. ಅದನ್ನ ಯಾರೂ ಭಾಷಣ ಮಾಡಿ ಹೇಳಲ್ಲ. ಅವನು ಸುಮ್ನೆ ತನ್ನ ಕೆಲಸ ಮಾಡ್ತಾನೆ.

ಕಪ್ಪುಬಿಳುಪು
ನಿರ್ಮಾಪಕ ಬ್ರೂಸ್ ಗೆಲ್ಲರ್ ಅವರಿಗೆ 1964ರ 'ಟಾಪ್‌ಕಾಪಿ' ಅನ್ನೋ ಕಳ್ಳತನದ ಸಿನಿಮಾ ಪ್ರೇರಣೆ. ಮಾತಿಲ್ಲದ ಆ ಉದ್ದುದ್ದ ಕಳ್ಳತನದ ದೃಶ್ಯಗಳು ಬಂದಿದ್ದು ಅಲ್ಲಿಂದ. ಪಾತ್ರಗಳ ಮನೆ, ಮಠ, ಪ್ರೀತಿ, ದುಃಖ ಯಾವುದೂ ಬೇಡ, ಕೆಲಸ ಮಾತ್ರ ಸಾಕು ಅನ್ನೋದು ಅವರ ಹಟ. ಹಾಗಾಗಿ ಏಳು ಸೀಸನ್, 171 ಕಂತು ಆದರೂ ಇವರ ಖಾಸಗಿ ಬದುಕು ನಮಗೆ ಹೆಚ್ಚುಕಡಿಮೆ ಗೊತ್ತೇ ಆಗಲ್ಲ.

ಶುರುವಿನಲ್ಲಿ ಬೆಂಕಿಕಡ್ಡಿ ಗೀರಿ ಬತ್ತಿ ಹಚ್ಚೋ ಕೈ ಇದೆಯಲ್ಲ, ಅದು ಗೆಲ್ಲರ್ ಅವರದೇ ಕೈ.

ಬೆಂಕಿಕಡ್ಡಿ
ನನ್ನ ಹೆಸರು ಹೇಳಿ ನನಗೇ ಪಾಠ! ಇರಲಿ, ಕೈ ವಿಷಯ ಚೆನ್ನಾಗಿದೆ.

ಹಳೇಟೇಪು
ಆ ಬತ್ತಿ ಉರಿಯೋವಾಗ ಮಿಂಚಿ ಹೋಗೋ ದೃಶ್ಯಗಳು ಅವತ್ತಿನ ಕಂತಿನವೇ. ಮುಂದೆ ಏನಾಗುತ್ತೆ ಅಂತ ಮೊದಲೇ ತೋರಿಸಿಬಿಡ್ತಾರೆ, ಆದರೂ ಒಂದೂ ಅರ್ಥ ಆಗಲ್ಲ. ಬೇರೆ ಯಾರು ಮಾಡಿದ್ದರೂ ಕಥೆ ಕೆಡ್ತಿತ್ತು. ಇಲ್ಲಿ ಅದೇ ಆಸೆ ಹುಟ್ಟಿಸುತ್ತೆ.

ಬ್ರಿಗ್ಸ್ ಫೈಲು ತೆಗೆದು ಫೋಟೋ ಆರಿಸೋ ದೃಶ್ಯ ಕೂಡ ಹಾಗೇ. ಯಾರನ್ನ ಆರಿಸ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೂ ನೋಡ್ತೀವಿ. ಪಕ್ಕಕ್ಕೆ ಹಾಕೋ ಫೋಟೋಗಳಲ್ಲಿ ಎಷ್ಟೋ ಚಿತ್ರತಂಡದವರದೇ ಮುಖಗಳು.

ಸುಮ್ನೆಓದುಗ
ಒಂದು ಅನುಮಾನ. ಲ್ಯಾಂಡೌ ಹೆಸರು ಮೊದಲ ಸೀಸನ್‌ನಲ್ಲಿ ಕೊನೆಗೆ "ವಿಶೇಷ ಪಾತ್ರದಲ್ಲಿ" ಅಂತ ಬರುತ್ತೆ. ಹೆಚ್ಚಿನ ಕಂತುಗಳಲ್ಲಿ ಇದ್ದಾರಲ್ಲ, ವಿಶೇಷ ಏನು ಬಂತು?

ಕಪ್ಪುಬಿಳುಪು
ಅವರು ವರ್ಷಗಟ್ಟಲೆ ಒಪ್ಪಂದಕ್ಕೆ ಕಟ್ಟುಬೀಳೋಕೆ ತಯಾರಿರಲಿಲ್ಲ. ಸಿನಿಮಾ ಅವಕಾಶ ಬಂದರೆ ಹೋಗಬೇಕಲ್ಲ. ಎರಡನೇ ಸೀಸನ್‌ನಿಂದ ಕಾಯಂ ಆದರು. ಬಾರ್ಬರಾ ಬೇನ್ ಆಗ ಅವರ ಹೆಂಡತಿ. ಮೂರನೇ ಸೀಸನ್ ಆದ ಮೇಲೆ ಇಬ್ಬರೂ ಒಟ್ಟಿಗೇ ಹೊರಟರು.

ರಬ್ಬರ್‌ಮುಖ
ಮತ್ತೆ ವಿಷಯಕ್ಕೆ ಬನ್ನಿ. ಮೊದಲ ಸೀಸನ್‌ನ ಒಳ್ಳೆ ಕಂತು ಎಷ್ಟಿವೆ ಹೇಳಿ. ನಾನು ಎರಡನೇ ಸೀಸನ್‌ನ ಒಂದೇ ಒಂದು ಹೇಳ್ತೀನಿ, 'ದಿ ಸೀಲ್'. ಪಹರೆ ಇರೋ ಕೋಣೆಯಿಂದ ಜೇಡ್ ಕಲ್ಲಿನ ಮುದ್ರೆ ಕದಿಯೋಕೆ ಬೆಕ್ಕನ್ನ ತರಬೇತಿ ಕೊಟ್ಟು ಕಳಿಸ್ತಾರೆ! ಬೆಕ್ಕು ಹಲಗೆ ಮೇಲೆ ನಡ್ಕೊಂಡು ಹೋಗಿ ಮುದ್ರೆ ಕಚ್ಕೊಂಡು ಬರಬೇಕು. ಅದು ಮಧ್ಯದಲ್ಲಿ ನಿಂತು ಆ ಕಡೆ ಈ ಕಡೆ ನೋಡೋವಾಗ ಯಾರ ಎದೆ ಬಡಿಯಲ್ಲ ಹೇಳಿ.

ಐದುಸೆಕೆಂಡು
ಬೆಕ್ಕಿನ ಹೆಸರು ರಸ್ಟಿ. ಗೌರವದಿಂದ ಮಾತಾಡಿ.

ದಾಲ್ಚಿನ್ನಿ
ಬೆಕ್ಕಿಗೆ ನನ್ನ ಓಟೂ ಇದೆ. ಆದರೆ ಮೊದಲ ಸೀಸನ್‌ನಲ್ಲಿ 'ಆಪರೇಷನ್ ರೊಗೊಶ್' ಇದೆಯಲ್ಲ, ಮೂರನೇ ಕಂತಿಗೇ ಅಂಥಾದ್ದು ಕೊಟ್ಟರು. ಲಾಸ್ ಏಂಜಲೀಸ್‌ನಲ್ಲಿ ಸಾವಿರಾರು ಜನರನ್ನ ಕೊಲ್ಲೋಕೆ ರೊಗೊಶ್ ಹೊಂಚು ಹಾಕಿದ್ದಾನೆ. ಹೊಡೆದರೆ ಬಾಯಿ ಬಿಡೋ ಆಸಾಮಿ ಅಲ್ಲ. ಅದಕ್ಕೆ ಏನು ಮಾಡ್ತಾರೆ? ಅವನ ಪ್ರಜ್ಞೆ ತಪ್ಪಿಸಿ, ಎಚ್ಚರ ಆದಾಗ ಮೂರು ವರ್ಷ ಕಳೆದಿದೆ ಅಂತ ನಂಬಿಸ್ತಾರೆ. ಅವನದೇ ದೇಶದ ಜೈಲಿನಲ್ಲಿ, ಮರಣದಂಡನೆಗೆ ಕಾಯ್ತಾ ಇದ್ದಾನೆ ಅನ್ನೋ ಹಾಗೆ. ಜೈಲು, ಕಾವಲು, ಕೈದಿಗಳು ಎಲ್ಲ ನಾಟಕ. ಅವನ ಮನಸ್ಸಿನ ಒಳಗೆ ಮೂರು ವರ್ಷವನ್ನ ಕಟ್ತಾರೆ ನೋಡಿ. ಫ್ರಿಟ್ಸ್ ವೀವರ್ ಆ ಪಾತ್ರವನ್ನ ಜೀವ ಹಿಂಡಿ ಮಾಡಿದ್ದಾರೆ. ಕೊಲೆಗಡುಕ ಅಂತ ಗೊತ್ತಿದ್ದೂ ಅವನ ಬಗ್ಗೆ ಅಯ್ಯೋ ಅನ್ನಿಸುತ್ತೆ.

ಹಳೇಟೇಪು
ಅಲ್ಲೇ ಇರೋದು ವಿಷಯ! ಈ ಧಾರಾವಾಹಿಯ ಆಯುಧ ಬಂದೂಕಲ್ಲ, ಸುಳ್ಳು. ಮೊದಲ ಸೀಸನ್‌ನಲ್ಲಿ ಆ ಸುಳ್ಳು ಇನ್ನೂ ಹೊಸದು. ಹೇಳೋವಾಗ ಅವರಿಗೇ ಭಯ.

'ದಿ ಟ್ರೇನ್' ನೋಡಿದ್ದೀರಾ? ಕಾಯಿಲೆ ಬಿದ್ದ ಪ್ರಧಾನಿಗೆ ತನ್ನ ಉತ್ತರಾಧಿಕಾರಿ ಎಂಥ ಸರ್ವಾಧಿಕಾರಿ ಅಂತ ಗೊತ್ತಿಲ್ಲ. ಅವನ ಬಣ್ಣ ಬಯಲು ಮಾಡಬೇಕು. ಇವರು ರೈಲಿನ ಬೋಗಿಯನ್ನ ಒಂದು ದೊಡ್ಡ ಶೆಡ್ಡಿನೊಳಗೆ ನಿಲ್ಲಿಸ್ತಾರೆ. ಕಿಟಕಿಯ ಹೊರಗೆ ಪರದೆ, ಪರದೆ ಮೇಲೆ ಓಡೋ ಮರ ಗಿಡದ ಸಿನಿಮಾ. ಕೆಳಗಿಂದ ಬೋಗಿ ಅಲ್ಲಾಡಿಸೋ ಯಂತ್ರ. ಹಳಿಯ ಸದ್ದು ಸ್ಪೀಕರಿನಿಂದ. ಒಳಗಿನವರಿಗೆ ರೈಲು ಓಡ್ತಿದೆ. ಹೊರಗಿಂದ ನೋಡೋ ನಮಗೆ ಅದು ಒಂದು ಅಂಗುಲ ಕದಲಿಲ್ಲ. ಆಮೇಲೆ ಅಪಘಾತವನ್ನೂ ಅಲ್ಲೇ ಮಾಡ್ತಾರೆ! ಸ್ಟುಡಿಯೋದವರು ಟಿವಿಗೆ ಏನು ಮಾಡ್ತಾರೋ, ಅದನ್ನೇ ಪಾತ್ರಗಳು ಕಥೆಯೊಳಗೆ ಮಾಡ್ತಿದ್ದಾರೆ.

ರಬ್ಬರ್‌ಮುಖ
...'ದಿ ಟ್ರೇನ್' ಮೊದಲ ಸೀಸನ್ನಾ? ಸರಿ. ಅದೊಂದನ್ನ ಬಿಟ್ಟುಕೊಡ್ತೀನಿ. ರೊಗೊಶ್ ಅರ್ಧ ಕೊಡ್ತೀನಿ.

ಬಾರ್ನಿಭಕ್ತ
ವಿಚಿತ್ರ ಬೋರ್ಡುಗಳ ಬಗ್ಗೆ ಯಾರೂ ಹೇಳಲಿಲ್ಲ! ಪೂರ್ವ ಯುರೋಪಿನ ಕಾಲ್ಪನಿಕ ದೇಶಗಳಲ್ಲಿ ಗೋಡೆ ಮೇಲೆ 'ಮಶೀನವೆರ್ಕೆ', 'ಝೋನಾ ರೆಸ್ಟ್ರಿಕ್' ಅಂತೆಲ್ಲ ಬರೆದಿರ್ತಾರೆ. ಯಾವ ಭಾಷೆಯೂ ಅಲ್ಲ, ಆದರೂ ನೋಡಿದ ತಕ್ಷಣ ಕಾರ್ಖಾನೆ, ನಿಷೇಧಿತ ಜಾಗ ಅಂತ ತಿಳಿಯುತ್ತೆ. ಗೆಲ್ಲರ್ ಹೆಸರಿಂದ ಅದನ್ನ 'ಗೆಲ್ಲರೀಸ್' ಅಂತ ಕರೀತಿದ್ದರು. ನಾನು ಕಥೆ ಬಿಟ್ಟು ಹಿಂದಿನ ಬೋರ್ಡು ಓದೋಕೇ ಕಂತು ನಿಲ್ಲಿಸ್ತೀನಿ.

ಬೆಂಕಿಕಡ್ಡಿ
ಸಂಗೀತದ ಬಗ್ಗೆ ಜಗಳ ಬೇಡ್ವಾ? ಕಥೆ ಬಿಟ್ಟರೂ ನಾನು ಅದನ್ನ ಬಿಟ್ಟಿಲ್ಲ. ಲಾಲೋ ಶಿಫ್ರಿನ್ ಕಟ್ಟಿದ ಮೂಲ ಶೀರ್ಷಿಕೆ ಸಂಗೀತದಲ್ಲಿ ಐದು ಎಣಿಕೆಯ ತಾಳ. ಎರಡು ಉದ್ದ, ಎರಡು ಗಿಡ್ಡ. ಅದಕ್ಕೇ ಕಾಲು ಕುಂಟಿದ ಹಾಗೆ, ಓಡ್ತಾ ಓಡ್ತಾ ಎಡವಿದ ಹಾಗೆ ಕೇಳುತ್ತೆ. 1996ರ ಟಾಮ್ ಕ್ರೂಸ್ ಸಿನಿಮಾಕ್ಕೆ ಯು2 ಬ್ಯಾಂಡಿನ ಆ್ಯಡಂ ಕ್ಲೇಟನ್, ಲ್ಯಾರಿ ಮಲ್ಲೆನ್ ಮಾಡಿದ ಹಾಡಿನಲ್ಲಿ ಅದನ್ನ ನಾಲ್ಕಕ್ಕೆ ಇಳಿಸಿ ಕುಣಿಯೋಕೆ ಅನುಕೂಲ ಮಾಡಿಬಿಟ್ಟರು. ಎಡವೋದು ಹೋಯ್ತು, ಆತಂಕವೂ ಹೋಯ್ತು.

ಐದುಸೆಕೆಂಡು
ಎರಡು ಉದ್ದ, ಎರಡು ಗಿಡ್ಡ. ಮೋರ್ಸ್ ಸಂಕೇತದಲ್ಲಿ ಎಂ, ಐ.

ಬೆಂಕಿಕಡ್ಡಿ
ಅದು ಹೊಂದುತ್ತೆ ನಿಜ. ಅಷ್ಟಕ್ಕೇ ಅದರ ರುಚಿ ಮುಗಿಯಲ್ಲ. ಸಂಕೇತ ಗೊತ್ತಿಲ್ಲದವನಿಗೂ ಬೆನ್ನು ಚಳುಕು ಹಿಡಿಯುತ್ತಲ್ಲ.

ರಬ್ಬರ್‌ಮುಖ
1996ರ ಮಾತು ಎತ್ತಬೇಡಿ. ಫೆಲ್ಪ್ಸ್‌ನ ದ್ರೋಹಿ ಮಾಡಿದ ಸಿನಿಮಾ ಅದು. ಗ್ರೇವ್ಸ್ ಆ ಪಾತ್ರ ಮಾಡಲ್ಲ ಅಂದರು. ಸರಿಯಾಗೇ ಮಾಡಿದರು. ಏಳರಲ್ಲಿ ಆರು ಸೀಸನ್, ಆಮೇಲೆ 1988ರ ಹೊಸ ಸರಣಿ, ಅಷ್ಟು ವರ್ಷ ನಂಬಿಕೊಂಡು ಬಂದ ಮನುಷ್ಯನನ್ನ ಕೊನೆಗೆ ಖಳನಾಯಕ ಮಾಡೋದಾ!

ದಾಲ್ಚಿನ್ನಿ
ಇಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ.

ಕಪ್ಪುಬಿಳುಪು
1988ರ ಸರಣಿಯನ್ನ ಆಸ್ಟ್ರೇಲಿಯಾದಲ್ಲಿ ತೆಗೆದರು. ಆಗ ಅಮೆರಿಕದಲ್ಲಿ ಬರಹಗಾರರ ಮುಷ್ಕರ, ಹಾಗಾಗಿ ಹಳೇ ಚಿತ್ರಕಥೆಗಳನ್ನ ತಿದ್ದಿ ಬಳಸಿದರು. ಬಾರ್ನಿಯ ಮಗನ ಪಾತ್ರ ಮಾಡಿದ್ದು ಗ್ರೆಗ್ ಮಾರಿಸ್ ಅವರ ಸ್ವಂತ ಮಗ ಫಿಲ್ ಮಾರಿಸ್. ಇನ್ನು ಸ್ಟೀವನ್ ಹಿಲ್, ಮರೆತೇಹೋದರು ಅಂದ್ಕೊಂಡಿದ್ದವರು 1990ರಲ್ಲಿ 'ಲಾ ಆ್ಯಂಡ್ ಆರ್ಡರ್' ಧಾರಾವಾಹಿಯಲ್ಲಿ ಜಿಲ್ಲಾ ಅಟಾರ್ನಿ ಆ್ಯಡಂ ಶಿಫ್ ಆಗಿ ಬಂದು ಹತ್ತು ಸೀಸನ್ ನಿಂತರು. ರಬ್ಬರ್‌ಮುಖ ಹೇಳಿದ ಅದೇ ಸಪ್ಪೆ ಮುಖ. ಅಲ್ಲಿ ಜನ ಅದನ್ನೇ ಮೆಚ್ಚಿದರು.

ಹಳೇಟೇಪು
ಸರಿ, ನಾನು ತೀರ್ಮಾನ ಮಾಡಿದೆ. ಹುಡುಗನಿಗೆ ಮೊದಲು 'ದಿ ಟ್ರೇನ್', ಆಮೇಲೆ 'ಆಪರೇಷನ್ ರೊಗೊಶ್', ಆಮೇಲೆ ಮೊದಲ ಕಂತು. ಅಷ್ಟರಲ್ಲಿ ಬ್ರಿಗ್ಸ್ ಮುಖ ಅಭ್ಯಾಸ ಆಗುತ್ತೆ. ಫೆಲ್ಪ್ಸ್ ತಡವಾಗಿ ಬರಲಿ.

ಕಪ್ಪುಬಿಳುಪು
ಕ್ರಮ ತಪ್ಪಿಸಿ ತೋರಿಸೋದಾ? ಬೇಡ. ಮೊದಲ ಕಂತು ಮೊದಲು.

ಬಾರ್ನಿಭಕ್ತ
ಕಂತಿಗೂ ಕಂತಿಗೂ ಸಂಬಂಧವೇ ಇಲ್ಲದ ಧಾರಾವಾಹಿಗೆ ಎಂಥಾ ಕ್ರಮ ಸ್ವಾಮಿ! ತೋರಿಸಲಿ ಬಿಡಿ. 'ದಿ ಕ್ಯಾರಿಯರ್ಸ್' ಸೇರಿಸಿ ಹಳೇಟೇಪು ಅವರೇ, ಅಷ್ಟೇ ನನ್ನ ಬೇಡಿಕೆ.

ಸುಮ್ನೆಓದುಗ
ಆ ಬೆಕ್ಕಿನ ಕಂತು ಯಾವ ಸೀಸನ್ ಅಂದ್ರಿ?

ರಬ್ಬರ್‌ಮುಖ
ಎರಡು!! ಎರಡನೇ ಸೀಸನ್!! ನೋಡಿ ಹಳೇಟೇಪು, ಜನ ಕೇಳ್ತಿರೋದು ಯಾವುದನ್ನ ಅಂತ.